ಮಾರೆಣ್ಣನ ವಿಭೂತಿ, ಜ್ಯೋತಿಯ ಕೀಲಿ

ಬಳ್ಳಾರಿ ಗಾಂಧಿನಗರದ ನಮ್ಮ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಾನು ರಿಪೋರ್ಟ್ ಕೊಡುವವಳು. ಮಗಳು ಹಾಲು ಕುಡಿದಳೋ ಇಲ್ಲವೋ ಎಂದು ಮನೆಗೆ ಫೋನ್ ಮಾಡುತ್ತಲೇ ಇರುತ್ತೇನೆ. ಕಂಪ್ಯೂಟರ್ ನೋಡಿಕೊಳ್ಳುವ ಜ್ಯೋತಿಲಕ್ಷ್ಮಿ ನಗುತ್ತಾಳೆ: "ಹೇಮಕ್ಕ, ಹಸಿದ್ರ ಕೂಸು ತಾನ ಅಳತೈತಿ. ಅದಕ್ಕಿಂತ ಮೊದ್ಲ ನೀವ್ಯಾಕ ಅಳ್ತೀರಿ?"

ಕುರುಗೋಡಿನ ಗಾಳೆಪ್ಪನ ಮಗಳು ಅವಳು. ದಿನಾ ಬಸ್ಸಿನಲ್ಲಿ ಬಂದು ಬಳ್ಳಾರಿಯಲ್ಲಿ ಡಿಪ್ಲೊಮಾ ಓದಿದವಳು. ಮೊದಲು ನಮ್ಮ ಕಂಪ್ಯೂಟರ್‌ಗಳೆಲ್ಲ ಹೈದರಾಬಾದಿನ ಗುತ್ತಿಗೆದಾರರ ಕೈಯಲ್ಲಿದ್ದವು. "ನಾ ನೋಡ್ಕೋತೀನ್ರಿ" ಎಂದು ಲ್ಯಾಬ್ ನಡೆಸುವ ಡಾಕ್ಟರ್ ಉಮಾಪತಿಯವರನ್ನು ಒಪ್ಪಿಸಿ, ಇಲ್ಲಿಯೇ ಬ್ಲೇಡ್ ಸರ್ವರ್ ಹಾಕಿಸಿದಳು. ಒಂದು ಪೆಟ್ಟಿಗೆ, ಅದರ ಖಾನೆಗಳಲ್ಲಿ ಸಾಲಾಗಿ ನಿಂತ ತೆಳು ಕಂಪ್ಯೂಟರ್‌ಗಳು, ಅಂದರೆ ಬ್ಲೇಡ್‌ಗಳು. ಅವುಗಳೊಳಗೆ ಕಣ್ಣಿಗೆ ಕಾಣದ ಇನ್ನಷ್ಟು ಕಂಪ್ಯೂಟರ್‌ಗಳು: ವರ್ಚುವಲ್ ಮಷಿನ್. ಸಿರುಗುಪ್ಪ ಶಾಖೆಯದು ಒಂದು ಬ್ಲೇಡಿನಲ್ಲಿ, ಕುರುಗೋಡಿನದು ಪಕ್ಕದ್ದರಲ್ಲಿ. ಯಾವ ಖಾನೆಗೆ ಯಾವ ಊರಿನ ನೆಟ್‌ವರ್ಕ್ ಎಂದು ಜ್ಯೋತಿಯೇ ಕೂತು ಹೊಂದಿಸಿದ್ದಳು. ಆ ಪೆಟ್ಟಿಗೆಯಿರುವ ಕೋಣೆಯ ಕೀಲಿ ಮಗಳ ಹತ್ತಿರ ಇದೆ ಎಂದು ಗಾಳೆಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದ.

ಆಯುಧಪೂಜೆಗೆ ಮಷಿನ್‌ಗಳನ್ನೆಲ್ಲ ಆರಿಸಿ, ಅಟೆಂಡರ್ ಮಾರೆಣ್ಣ ಎಲ್ಲ ಬ್ಲೇಡ್‌ಗಳ ಮೇಲೂ ಹಾಯುವಂತೆ ಉದ್ದಕ್ಕೆ ಮೂರು ಬೆರಳ ವಿಭೂತಿ ಎಳೆದ. ಹಬ್ಬ ಮುಗಿದು ಮತ್ತೆ ಚಾಲೂ ಮಾಡಿದರೆ ಬಳ್ಳಾರಿಯದು ಸರಿಯಾಗಿದೆ, ಸಿರುಗುಪ್ಪ, ಕುರುಗೋಡು ಎರಡೂ ಬಂದ್.

ಸಿರುಗುಪ್ಪ ಶಾಖೆಯಲ್ಲಿ ರಿಪೋರ್ಟ್ ಕೊಡುವ ಅಂಜಿನಿಯ ಫೋನ್: "ಅಕ್ಕಾ, ಇಲ್ಲಿ ಮಂದಿ ಬೈಯಾಕತ್ತಾರ!"

ಡಾಕ್ಟರ್ ಬಾಗಿಲಲ್ಲಿ ನಿಂತರು. "ಮಧ್ಯಾಹ್ನದೊಳಗ ಆಗ್ಲಿಲ್ಲ ಅಂದ್ರ ಕೀಲಿ ಕೊಟ್ಟುಬಿಡಮ್ಮ. ಹೈದರಾಬಾದಿನವ್ರ ಬರ್ಲಿ."

ಜ್ಯೋತಿ ಸೆಟ್ಟಿಂಗ್ ಎಲ್ಲ ನೋಡಿದಳು. ಒಂದೂ ತಪ್ಪಿಲ್ಲ. ಮುಖ ಬಾಡಿತು. ಎದ್ದು ಪೆಟ್ಟಿಗೆಯ ಮುಂದೆ ಬಗ್ಗಿ ವಿಭೂತಿಯ ಗೆರೆಗಳ ಮೇಲೆ ಕಣ್ಣಾಡಿಸಿದವಳು ಒಮ್ಮೆಲೇ ಕೂಗಿದಳು, "ಮಾರೆಣ್ಣಾ, ಬರ್ರಿ ಇಲ್ಲಿ! ನಿಮ್ಮ ಗೆರಿ ಯಾಕ ಓರಿ?"

"ಗಿಡ್ಡ ಅದೀನವ್ವ. ಕೈ ಚಾಚಿ ಎಳೀತೀನಿ, ಹೋಗ್ತಾ ಹೋಗ್ತಾ ಏರತೈತಿ."

"ಏರಬೇಕಾದ್ದು ನಡುವ ಯಾಕ ಇಳದೈತಿ?"

ಮಾರೆಣ್ಣ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ, ಆಮೇಲೆ ಒಂದೊಂದಾಗಿ ಒಪ್ಪಿಕೊಂಡ. ಜ್ಯೋತಿ ಪ್ರಸಾದ ತರಲು ಹೋಗಿದ್ದಾಗ ಕಾಯಿ ಒಡೆದಿದ್ದಾನೆ, ನೀರು ಸಿಡಿದಿದೆ, ನಡುವಿನ ಎರಡು ಬ್ಲೇಡ್ ಕಿತ್ತು, ಪಕ್ಕಗಳನ್ನು ಒರೆಸಿ, ಫ್ಯಾನಿನ ಕೆಳಗೆ ಆರಿಸಿ, ಮತ್ತೆ ಸಿಕ್ಕಿಸಿದ್ದಾನೆ. ಅದಲುಬದಲು. ಸಿರುಗುಪ್ಪದ ಬ್ಲೇಡ್ ಕುರುಗೋಡಿನ ಖಾನೆಯಲ್ಲಿ ಕೂತಿತ್ತು!

"ಬೈತೀರಂತ ಹೇಳ್ಲಿಲ್ಲವ್ವ."

"ಬೈಯೋದ್ಯಾಕ? ವಿಭೂತಿ ಒರೆಸದ ಬಿಟ್ಟೀರಲ್ಲ, ಅಷ್ಟ ಸಾಕು!"

ಎರಡನ್ನೂ ಆರಿಸಿ, ತೆಗೆದು, ಸ್ಥಳ ಬದಲಿಸಿ ಒತ್ತಿದಳು. ಮುರಿದಿದ್ದ ಮೂರು ಗೆರೆಗಳು ಕೂಡಿಕೊಂಡು ಓರೆಯಾಗಿಯೇ ಮೇಲೇರಿದವು. ಹಸಿರು ದೀಪ ಹತ್ತಿತು. ನನ್ನ ಫೋನ್ ಬಡಿದುಕೊಂಡಿತು.

"ಬಂತಕ್ಕಾ! ರಿಪೋರ್ಟ್ ಬರಾಕತ್ತಾವು!" ಅಂಜಿನಿಯ ಹಿಂದೆ ಮಂದಿಯ ಗದ್ದಲ. ಹಿಂದೆಯೇ ಕುರುಗೋಡಿನದೂ ಬಂತು. ನಾನು ಜ್ಯೋತಿಯನ್ನು ತಬ್ಬಿಕೊಂಡು ಅತ್ತೇಬಿಟ್ಟೆ.

"ಮುಂದಿನ ಸಲ ಕಾಯಿ ಹೊರಗ ಒಡೀರಪ್ಪ" ಎಂದರು ಡಾಕ್ಟರ್, ನಗು ತಡೆಯುತ್ತ.

"ಕಾಯಿ ಹೊರಗ ರೀ, ವಿಭೂತಿ ಮಾತ್ರ ಇಲ್ಲೇ" ಎಂದಳು ಜ್ಯೋತಿ. ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಕುರುಗೋಡಿಗೆ ಫೋನ್ ಹಚ್ಚಿದಳು. "ಅಪ್ಪಾ, ಊಟ ಆತೇನು? ಏನಿಲ್ಲ, ಕೀಲಿ ನನ್ನತ್ರಾನ ಐತಿ. ಹೇಳ್ಕೋ ಹೋಗು."