ಹೆಂಗಸರಿಗಿಲ್ಲದ ಕಡೆಯ ರೀಲು

ಶಹಾಬಾದಿನ ತಗಡಿನ ಥಿಯೇಟರಿನಲ್ಲಿ ಹೆಂಗಸರಿಗೆ ಸಿನೆಮಾದ ಕೊನೆ ತೋರಿಸುತ್ತಿರಲಿಲ್ಲ. ಅದು ನಿಜಾಮರ ಕಾಲ. ನಮ್ಮ ಜಾಗಕ್ಕೂ ಗಂಡಸರ ಜಾಗಕ್ಕೂ ನಡುವೆ ದಪ್ಪ ಪರದೆ ಇಳಿಬಿಟ್ಟಿದ್ದರು. ಆಟ ಮುಗಿದು ದೀಪ ಹತ್ತಿದರೆ ಬಾಗಿಲಲ್ಲಿ ಇಬ್ಬರೂ ಎದುರುಬದುರಾಗುತ್ತಾರೆ ಎಂದು, ಕಡೆಯ ರೀಲು ಹಾಕುವ ಮೊದಲೇ ನಮ್ಮನ್ನು ಎಬ್ಬಿಸಿ ಕಳಿಸುತ್ತಿದ್ದರು. ಅದಕ್ಕಂತಲೇ ಒಬ್ಬ ಮುದುಕಿ ಇದ್ದಳು. ಕಂದೀಲು ಹಿಡಿದು ಬಂದು, "ಚಲೋ ಅಮ್ಮಾ, ಉಠೋ. ಆಗೆ ಕುಚ್ ನೈ," ಎನ್ನುತ್ತಿದ್ದಳು. ಮುಂದೆ ಏನೂ ಇಲ್ಲವಂತೆ. ಕಳ್ಳ ಸಿಕ್ಕನೋ ಸತ್ತನೋ, ಹುಡುಗಿಗೆ ಮದುವೆ ಆಯಿತೋ ಇಲ್ಲವೋ, ತಿಳಿಯದೆ ನಾವು ಬಿಸಿಲಿಗೆ ಬಂದು ನಿಂತಿರುತ್ತಿದ್ದೆವು. ಯಾರೂ ಜಗಳ ತೆಗೆಯಲಿಲ್ಲ. ಮನೆಯಲ್ಲಿ ಹಿಟ್ಟು ನಾದುವುದಿತ್ತು.

ನನ್ನ ತವರು ಚಿಂಚೋಳಿ ಕಡೆಯ ಕೊಡ್ಲಿ ಎಂಬ ಹಳ್ಳಿ, ಕೊಟ್ಟದ್ದು ಶಹಾಬಾದಿಗೆ. ಗಂಡ ವಾಡಿ ಸ್ಟೇಷನ್ನಿನಲ್ಲಿ ರೈಲಿನ ಕೆಲಸಕ್ಕಿದ್ದ. ಹದಿನೈದು ದಿನಕ್ಕೊಮ್ಮೆ ಬಂದು ಉಂಡು ಮಲಗಿ ಹೋಗುತ್ತಿದ್ದ. ಮಕ್ಕಳಾಗಿರಲಿಲ್ಲ. ಮನೆಯಲ್ಲಿ ನಾನು, ಅತ್ತೆ. ಅತ್ತೆ ಕೆಟ್ಟವಳಲ್ಲ. ಆದರೆ ನೀರು ತಂದಿಯೇನು, ಎಮ್ಮೆಗೆ ಹಾಕಿದಿಯೇನು, ಇದು ಬಿಟ್ಟು ಇನ್ನೊಂದು ಮಾತು ಅವಳ ಬಾಯಲ್ಲಿ ಇರಲಿಲ್ಲ. ಕೆಲವು ದಿನ ನನ್ನ ದನಿ ನನಗೇ ಕೇಳುತ್ತಿದ್ದದ್ದು ಎಮ್ಮೆಗೆ ಬೈಯುವಾಗ ಮಾತ್ರ. ಐತವಾರ ಮಧ್ಯಾಹ್ನದ ಆಟಕ್ಕೆ ಅವಳೇ ನನ್ನ ಜೊತೆ ಬರುತ್ತಿದ್ದಳು, ಕಾವಲಿಗೆ ಎಂದು. ದೀಪ ಆರಿದ ಕೂಡಲೇ ಗೊರಕೆ.

ನಮ್ಮ ಹಿತ್ತಲಿಗೆ ಪರಸಿಕಲ್ಲಿನ ಚಪ್ಪಡಿ ಸಾಲಾಗಿ ನಿಲ್ಲಿಸಿದ ಗೋಡೆ. ಆಚೆ ವೈಷ್ಣವರ ಮನೆ. ಅಲ್ಲಿಯ ಯಜಮಾನ ಕಚೇರಿಯಲ್ಲಿ ಕಾರಕೂನ. ಅವನ ತಂಗಿ ಸೇಡಮಿನಲ್ಲಿ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯಲ್ಲಿ ಅಣ್ಣನ ಮನೆಗೆ ತಿರುಗಿ ಬಂದಿದ್ದರು. ನಾನು ಅವರನ್ನು ಬಾಯಾರೆ ಎನ್ನುತ್ತಿದ್ದೆ. ಹೊಸ್ತಿಲು ದಾಟುವಂತಿರಲಿಲ್ಲ ಅವರು. ಅಕ್ಷರ ಕಲಿಯಬೇಕೆಂದು ಒಂದೇ ಹಟ. ಅಣ್ಣ ಹೂಂ ಅನ್ನುತ್ತಿರಲಿಲ್ಲ, ಊಹೂಂ ಅನ್ನುತ್ತಿರಲಿಲ್ಲ.

ಸೋಮವಾರ ಪಾತ್ರೆ ಭಾಂಡೆ ತಿಕ್ಕುವ ಹೊತ್ತಿಗೆ ಅವರು ಆ ಕಡೆ, ನಾನು ಈ ಕಡೆ. ಎರಡು ಕಲ್ಲಿನ ಸಂದಿಯಲ್ಲಿ ಅವರ ಒಂದು ಕಣ್ಣು, ಅರ್ಧ ಮೂಗು ಕಾಣುತ್ತಿತ್ತು.

"ಹೆಂಗಿತ್ತ ತಂಗಿ ಸಿನೆಮಾ?"

"ರಾಜನ ಮೀಸಿ ಅಂಟಿಸಿದ್ದರಿ. ಅಳೂ ಮುಂದ ಒಂದು ಕಡಿ ಬಿಚ್ಚಿ ಜೋತುಬಿದ್ದಿತ್ತು."

"ಹಾಡು?"

"ಹದಿನೈದು ಇರಬೇಕು. ಎರಡು ಸಾಕಾಗಿದ್ದವು. ಹುಲಿ ಬಂದು ಎದುರಿಗೆ ನಿಂತರೂ ರಾಣಿ ಹಾಡಾಕತ್ತಿದ್ದಳು."

"ಹುಲಿ ಏನು ಮಾಡ್ತು?"

"ಕುಂತು ಕೇಳ್ತರಿ, ಪಾಪ."

ಅವರು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. "ನೋಡೋ ಹಂಗದ ಏನು?"

"ಹುಲಿ ಸಲುವಾಗಿ ನೋಡಬೇಕರಿ."

"ಕಡೀಕ ಏನಾಯ್ತು?"

ಗೊತ್ತಿಲ್ಲ, ಎಬ್ಬಿಸಿ ಕಳಿಸಿದರು ಎನ್ನಬೇಕಿತ್ತು. ಹಾಗೆಂದರೆ ಮಾತು ಅಲ್ಲಿಗೇ ಮುಗಿದು ಅವರು ಎದ್ದು ಹೋಗುತ್ತಿದ್ದರು. ನನಗೆ ಅವರು ಇನ್ನೊಂದಿಷ್ಟು ಹೊತ್ತು ಕೂಡುವುದು ಬೇಕಿತ್ತು. ಕೊನೆಯನ್ನು ನಾನೇ ಕಟ್ಟಿ ಹೇಳಿದೆ. ಆಮೇಲೆ ಪ್ರತಿ ಸಲ ಕಟ್ಟಿದೆ, ಉದ್ದುದ್ದ ಕಟ್ಟಿದೆ. ತಿಕ್ಕಿದ ಭಾಂಡೆಯನ್ನೇ ಮತ್ತೆ ತಿಕ್ಕುತ್ತ ಕೂತೆ.

ಒಂದು ಐತವಾರ ವಿಧವೆಯ ಸಿನೆಮಾ ಬಂತು. ಸಣ್ಣ ವಯಸ್ಸಿನವಳು, ಅತ್ತೆಮನೆಯಲ್ಲಿ ಕಾಟ. ಹೊಳೆ ದಂಡೆಗೆ ಬಂದು ನಿಂತಳು, ಅಷ್ಟರಲ್ಲಿ ಮುದುಕಿ ಕಂದೀಲು ತಂದಳು. ಮರುದಿನ ಬಾಯಾರು ಬೂದಿ ಕೈಯಲ್ಲಿ ಹಿಡಿದುಕೊಂಡೇ ಕೂತರು, ತಿಕ್ಕಲಿಲ್ಲ.

"ಹೊಳಿಗೆ ಬಂದಳು. ಮುಂದ?"

"ಅಣ್ಣ ಬಂದನರಿ. ಕೈ ಹಿಡಿದು ಮನಿಗೆ ಕರಕೊಂಡು ಹೋದ. ಸಾಲಿಗೆ ಹಾಕಿದ. ಕಲತು ಹುಡುಗ್ಯಾರ ಸಾಲ್ಯಾಗ ಮಾಸ್ತರಣಿ ಆದಳು."

ನಾನು ಶಾಲೆಯೊಳಗೆ ಕಾಲಿಟ್ಟವಳಲ್ಲ. ಹೊರಗಿನಿಂದ ಕಂಡಷ್ಟು ಹೇಳಿದೆ. ಕುರ್ಚಿ, ಗಂಟೆ, ಕರಿ ಹಲಗೆ.

"ತಲಿ ಮ್ಯಾಲ ಸೆರಗು ಹೊತಗೊಂಡೇ ಕಲಿಸ್ತಿದ್ದಳೇನು?"

"ಹೊತಗೊಂಡೇ ರಿ. ಯಾರೂ ಏನೂ ಅನ್ನಲಿಲ್ಲ."

"ಚಲೋ ಅದಂತೀ?"

"ಇಷ್ಟು ದಿವಸ ನೋಡಿದ್ದರಾಗ ಇದೇ ಚಲೋ. ಎಲ್ಲಾರೂ ನೋಡಬೇಕು."

ಎಲ್ಲರೂ ನೋಡಬೇಕು ಎಂದದ್ದು ನನ್ನ ತಪ್ಪು. ಬಾಯಾರು ಅಣ್ಣನಿಗೆ ಗಂಟುಬಿದ್ದು, ಒಂದು ಸಲ ನೋಡಿ ಬಾ, ಆಮೇಲೆ ನನ್ನ ಅಕ್ಷರದ ಮಾತು ಆಡೋಣ ಎಂದರಂತೆ. ಅಣ್ಣ ಹೋದ. ಗಂಡಸರ ಕಡೆ ಕೂತು ಕಡೆಯ ರೀಲೂ ನೋಡಿದ.

ಎರಡು ದಿನ ಬಿಟ್ಟು ಸಂದಿಯಲ್ಲಿ ಕಣ್ಣು ಬಂತು.

"ಆಕಿ ಹೊಳ್ಯಾಗ ಬಿದ್ದಳಂತ."

ಕೈಯಲ್ಲಿದ್ದ ಭಾಂಡೆ ಕೆಳಗಿಟ್ಟೆ.

"ಇದನ್ನ ನೋಡಂತ ಕಳಿಸಿದೀ, ಅಂದ ಅಣ್ಣ. ಹೊಳಿಗೆ ಬೀಳ್ತೀನಂತ ನನಗ ಅಂಜಸ್ತೀ ಏನು, ಅಂದ. ಇನ್ನ ಮ್ಯಾಲ ಅಕ್ಷರದ ಸುದ್ದಿ ತಗೀಬ್ಯಾಡ ಅಂದ."

"ನಮಗ ಕಡೀದು ತೋರಿಸೂದಿಲ್ಲರಿ. ಎಬ್ಬಿಸಿ ಕಳಸ್ತಾರ."

"ಹಂಗಾರ ಹಿಂದಿನವು?"

"ಅವೂ ಕಡೀದೆಲ್ಲಾ ನಾನೇ ಕಟ್ಟಿದ್ದರಿ."

"ಹುಲಿ ಕುಂತು ಹಾಡು ಕೇಳಿದ್ದು?"

"ಅದು ಖರೇರಿ. ಅದು ಕಣ್ಣಾರೆ ನೋಡೀನಿ."

ಅವರು ನಗಲಿಲ್ಲ. ಭಾಂಡೆ ಎತ್ತಿಕೊಂಡು ಒಳಗೆ ಹೋದರು.

ಅಲ್ಲಿಂದ ಅವರು ಹೊತ್ತು ಬದಲಿಸಿದರು. ನಾನು ಹಿತ್ತಲಿಗೆ ಬರುವ ಮೊದಲೇ ತಿಕ್ಕಿ ಮುಗಿಸಿರುತ್ತಿದ್ದರು. ಕಲ್ಲಿನ ಸಂದಿಗೆ ಆ ಕಡೆಯಿಂದ ಹಳೆ ಅರಿವೆ ತುರುಕಿದ್ದರು. ಅವರೋ ಅವರ ಅಣ್ಣನೋ, ತಿಳಿಯಲಿಲ್ಲ.

ಮುಂದಿನ ಐತವಾರ ಕಂದೀಲು ಬಂದಾಗ ಅತ್ತೆಯನ್ನು ಹೆಂಗಸರ ಗುಂಪಿನಲ್ಲಿ ಮುಂದೆ ಬಿಟ್ಟೆ. ನಾನು ಪರದೆಯ ಮಡಿಕೆಯಲ್ಲಿ ನಿಂತೆ. ಕಡೆಯ ರೀಲು ನೋಡಿದೆ. ಕಳೆದುಹೋದ ಮಗ ತಾಯಿಗೆ ಸಿಕ್ಕ, ಎಲ್ಲರೂ ಕೂಡಿ ಹಾಡಿದರು. ಅಷ್ಟೇ. ದೀಪ ಹತ್ತಿತು. ಗಂಡಸರೆಲ್ಲ ನನ್ನ ಕಡೆ ನೋಡಿದರು. ಹೊರಗೆ ಅತ್ತೆ ಬಿಸಿಲಿನಲ್ಲಿ ಹುಡುಕುತ್ತಿದ್ದಳು.

"ಒಳಗ ಯಾರಿದ್ದರು?" ಎಂದಳು.

"ಸಿನೆಮಾ ಇತ್ತು," ಎಂದೆ.

ನಂಬಲಿಲ್ಲ. ಗಂಡ ಬಂದಾಗ ಹೇಳಿದಳು. ಅವನು ಹೊಡೆಯಲಿಲ್ಲ, ಸಿನೆಮಾ ಬಿಡಿಸಿದ.

ಆ ಐತವಾರದ ಮರುದಿನ ಬೇಗ ಎದ್ದು ಹಿತ್ತಲಿಗೆ ಹೋದೆ. ಆ ಕಡೆ ಭಾಂಡೆ ಸದ್ದು ಇತ್ತು. ಅರಿವೆ ತುರುಕಿದ ಸಂದಿಗೆ ಬಾಯಿ ಹಚ್ಚಿದೆ.

"ಬಾಯಾರೆ, ಈ ಸಲ ಕಡೀದೂ ನೋಡೀನಿರಿ. ಮಗ ತಾಯಿಗೆ ಸಿಗ್ತಾನ. ನಾ ಕಟ್ಟಿದ್ದಲ್ಲ."

ಸದ್ದು ನಿಂತಿತು. ನಾನು ಕಾದೆ. ಕಲ್ಲಿನ ಆಚೆ ಅವರು ಇದ್ದಾರೆಂದು ಗೊತ್ತಾಗುತ್ತಿತ್ತು. ಹೆಂಗಿತ್ತು ಎಂದು ಕೇಳಲಿಲ್ಲ.

"ಏನೂ ಚಲೋ ಇಲ್ಲರಿ," ಎಂದು ನಾನೇ ಹೇಳಿದೆ. "ನೋಡೋ ಹಂಗಿಲ್ಲ."

ತಿಕ್ಕುವ ಸದ್ದು ಮತ್ತೆ ಸುರುವಾಯಿತು. ಎರಡು ವರ್ಷಕ್ಕೆ ನಾವು ವಾಡಿಗೆ ಹೋದೆವು. ಅಲ್ಲಿಯವರೆಗೆ ದಿನಾ ಬೇಗ ಎದ್ದು ಆ ಸದ್ದು ಕೇಳಿದೆ, ಮಾತು ಕೇಳಲಿಲ್ಲ.