ಅಜ್ಜನ ಗರಗಸಕ್ಕೆ ಟಗರಿನ ಕೊಂಬು

ಗೆಳೆಯರೇ, ಅಜ್ಜನ ಕೈಗರಗಸದ ಕಪ್ಪು ಹಿಡಿ ಪ್ಲಾಸ್ಟಿಕ್ಕಿನದೆಂದೇ ಇಷ್ಟು ವರ್ಷ ನಂಬಿದ್ದೆ. ಹಿಡಿ ಅಲುಗಾಡುತ್ತಿತ್ತು. ತಿರುಪು ಹಾಕೋಣವೆಂದು ಇವತ್ತು ಕಾದ ಮೊಳೆಯಿಂದ ತೂತು ಕೊರೆಯಲು ಹೋದೆ. ಆಗದಿದ್ದರೆ ಅದನ್ನು ಬಿಸಾಡಿ ಹೊಸದುರ್ಗದಿಂದ ಬೇರೆ ತರುವ ಯೋಚನೆ. ಮೊಳೆ ತಾಗಿದ್ದೇ ತಡ, ಕೂದಲು ಸುಟ್ಟ ವಾಸನೆ!

ಅವ್ವ ಓಡಿ ಬಂದಳು. "ಲೇ, ಸುಡಬ್ಯಾಡ! ಅದು ನಮ್ಮ ಟಗರಿನ ಕೊಂಬು. ಮೊದ್ಲು ಮರದ ಹಿಡಿ ಇತ್ತು, ಗೆದ್ದಲು ತಿಂತು. ಕಬ್ಬಿಣದ್ದು ಬಿಸಿಲಿಗೆ ಕಾದು ಅಂಗೈ ಸುಡ್ತಿತ್ತು. ಆಮೇಲೆ ನಿಮ್ಮಜ್ಜ ಕೊಂಬು ಬೇಯ್ಸಿ, ಬಗ್ಗಿಸಿ ಇದನ್ನ ಮಾಡಿದ್ರು."

ಹಿಡಿಯನ್ನು ಬಿಸಿಲಿಗೆ ಒಡ್ಡಿದೆ. ಕಪ್ಪಿನೊಳಗೆ ಜೇನುಬಣ್ಣದ ಗೆರೆಗಳು ಹೊಳೆದವು.

"ಬದುಕಿದ್ದಾಗ ಆ ಟಗರು ಯಾರಿಗೂ ಕೊಂಬು ಮುಟ್ಟಾಕೆ ಬಿಡ್ತಿರ್ಲಿಲ್ಲ," ಎಂದು ಅವ್ವ ನಕ್ಕಳು.

ಪಾಪ, ಈಗ ಮನೆಮಂದಿಯೆಲ್ಲ ಅದನ್ನೇ ಹಿಡಿದು ಸೌದೆ ಕೊಯ್ಯುತ್ತೇವೆ!