ಕನ್ನಡಿಯ ಮೇಲಿನ ಕೆಂಪು ಬೊಟ್ಟು

ನಿಮ್ಮ ಮನೆಯ ಹೋಳಿಗೆ ಉಂಡು, ನಿಮ್ಮ ಅಣ್ಣನ ಬುದ್ಧಿಯನ್ನೇ ಕದ್ದೊಯ್ದವನನ್ನು ನೀವು ಕ್ಷಮಿಸುವಿರಾ? ನಾನು ಕ್ಷಮಿಸಿಲ್ಲ. ಕಾರಣವನ್ನು ಕ್ರಮವಾಗಿ ಹೇಳುತ್ತೇನೆ.

ನಲವತ್ತರ ದಶಕದ ಆರಂಭದ ಮಾತು. ನಮ್ಮ ಮನೆ ಗಡಹಿಂಗ್ಲಜದಲ್ಲಿ. ನಾನು ಕೊಲ್ಹಾಪುರದ ಕಾಲೇಜಿನಲ್ಲಿ ಓದುತ್ತ, ಚರ್ಚಾಕೂಟಗಳಲ್ಲಿ ಮೂಢನಂಬಿಕೆಗಳ ವಿರುದ್ಧ ವಾದಿಸುತ್ತಿದ್ದೆ. ಅಣ್ಣ ಇಚಲಕರಂಜಿಯ ಮಗ್ಗದ ಶೆಡ್ಡುಗಳಲ್ಲಿ ವಿದ್ಯುತ್ ಇಂಜಿನಿಯರ್. ಬಟ್ಟೆಯ ಎಳೆ ಎಣಿಸಲು ದೀಪ ಜೋಡಿಸಿದ ಭೂತಗನ್ನಡಿಯೊಂದನ್ನು ಮಾಡಿ, ಅದಕ್ಕೆ ಆಗಲೇ ಪೇಟೆಂಟ್ ಪಡೆದಿದ್ದ.

ಅವನ ಎರಡನೆಯ ಯಂತ್ರವೇ ಈ ಕಥೆಗೆ ಮೂಲ. ನೆಲದೊಳಗಿನ ತಂತಿ ಎಲ್ಲೋ ಸವೆದು ವಿದ್ಯುತ್ತು ಮಣ್ಣಿಗೆ ಸೋರಿದರೆ ಮಗ್ಗಗಳೆಲ್ಲ ನಿಲ್ಲುತ್ತಿದ್ದವು. ದೋಷ ಹುಡುಕಲು ಇಡೀ ನೆಲ ಅಗೆಯಬೇಕಾಗುತ್ತಿತ್ತು. ಅಣ್ಣನ ಪೆಟ್ಟಿಗೆಯೊಳಗೆ ಉಗುರಿನಷ್ಟು ಕನ್ನಡಿಯೊಂದು ಎಳೆಯಲ್ಲಿ ತೂಗುತ್ತಿತ್ತು. ವಿದ್ಯುತ್ತು ಹರಿದಾಗ ಅದು ಹೊರಳಿ, ದೀಪದ ಬೆಳಕನ್ನು ಅಳತೆಪಟ್ಟಿಯ ಮೇಲೆ ಸರಿಸುತ್ತಿತ್ತು. ಬೆಳಕು ನಿಂತ ಜಾಗ ನೋಡಿ ಎಷ್ಟು ಅಡಿ ದೂರದಲ್ಲಿ ಅಗೆಯಬೇಕೆಂದು ಅಣ್ಣ ಹೇಳಿಬಿಡುತ್ತಿದ್ದ.

ಇದರ ಪೇಟೆಂಟ್ ಅರ್ಜಿಯನ್ನೂ ಕಲಕತ್ತೆಯ ಕಚೇರಿಗೆ ಕೂಡಲೇ ಕಳಿಸು ಎಂದೆ. ಆದರೆ ಖಂಡೇನವಮಿಯ ಆಯುಧಪೂಜೆಯಾಗದೆ ಹೊಸ ಉಪಕರಣ ಮನೆಯ ಹೊಸ್ತಿಲು ದಾಟಬಾರದೆಂಬುದು ನಮ್ಮಲ್ಲಿಯ ರೂಢಿ. ನಾನು ಎಷ್ಟು ವಾದಿಸಿದರೂ ಅಣ್ಣ ಕಾದ. ನವಮಿಯಂದು ಅವ್ವ ಪೆಟ್ಟಿಗೆ ತೆರೆದು, ಆ ಕನ್ನಡಿಯ ನಡುವೆ ಕುಂಕುಮವಿಟ್ಟಳು. ಪೂಜೆ ಮುಗಿದ ಮೇಲೆ ಊಟಕ್ಕೆ ಬಂದವರಲ್ಲಿ ಕೊಲ್ಹಾಪುರದಲ್ಲಿ ಮೋಟಾರು ಮಾರುವ ಏಜೆಂಟನೂ ಇದ್ದ. ಅವನು ಕೇಳಿದ್ದಕ್ಕೆಲ್ಲ ಅಣ್ಣ ಉತ್ತರಿಸಿದ. ಪೆಟ್ಟಿಗೆ ತೆರೆದು ಕನ್ನಡಿಯನ್ನೂ, ಪೂಜೆಗಿಟ್ಟ ನಕ್ಷೆಗಳನ್ನೂ ತೋರಿಸಿದ.

ನಮ್ಮ ಅರ್ಜಿಗಿಂತ ಮೊದಲೇ ಏಜೆಂಟನ ಅರ್ಜಿ ಕಲಕತ್ತೆ ತಲುಪಿತ್ತು. ನಾನು ಅದರ ಪ್ರತಿ ತರಿಸಿದೆ. ಅದರಲ್ಲಿದ್ದುದೆಲ್ಲ ಅಣ್ಣನ ಯಂತ್ರವೇ; ಓದುತ್ತಿದ್ದಂತೆ ಮೈ ಉರಿಯಿತು. ಒಂದು ಸಾಲಿಗೆ ಬಂದಾಗ ನಗು ಬಂತು. ಕನ್ನಡಿಯ ಮಧ್ಯದ ಕೆಂಪು ಚುಕ್ಕೆಯು ಯಂತ್ರದ ಅವಶ್ಯಕ ಭಾಗವೆಂದು ಅವನು ಬರೆದಿದ್ದ. ಅಣ್ಣ ಬೇಸತ್ತು, "ಹೋಗ್ಲಿ ಬಿಡೋ," ಎಂದ. ನಾನು ಬಿಡಲಿಲ್ಲ.

ಎದುರಾಳಿಯ ಬಾಯಿಂದಲೇ ಅವನ ಪಕ್ಷವನ್ನು ಎರಡು ಸಲ ಹೇಳಿಸಬೇಕೆಂದು ಕಾಲೇಜಿನಲ್ಲಿ ಕಲಿತಿದ್ದೆ. ಏಜೆಂಟ ಇಚಲಕರಂಜಿಯಲ್ಲಿ ಮಗ್ಗದ ಮಾಲೀಕರಿಗೆ ಯಂತ್ರ ತೋರಿಸುವ ದಿನ, ಅವ್ವನನ್ನು ಕರೆತಂದು ಹಿಂದಿನ ಸಾಲಿನಲ್ಲಿ ಕೂರಿಸಿದೆ. ನಂತರ ಎದ್ದು ಕೇಳಿದೆ: "ಈ ಕೆಂಪು ಬೊಟ್ಟು ಯಾಕ್ರಿ?"

"ಬೆಳಕು ಕಣ್ಣಿಗೆ ಹೊಡೀಬಾರ್ದಂತ. ಭಾಳ ವಿಚಾರ ಮಾಡಿ ಇಟ್ಟೇನಿ."

"ನೀವ ವಿಚಾರ ಮಾಡಿದ್ದೇನ್ರಿ?"

"ಹೌದ್ರಿ, ನಾನ."

ಅವ್ವ ಕುಳಿತಲ್ಲಿಂದಲೇ ಹೇಳಿದಳು: "ಯಪ್ಪಾ, ಅದು ನಾ ಹಚ್ಚಿದ ಕುಂಕುಮ. ನೀ ಎರಡು ಹೋಳಿಗಿ ಹೆಚ್ಚಿಗಿ ಹಾಕಿಸ್ಕೊಂಡ್ಯಲ್ಲ, ಆವತ್ತ."

ಶೆಡ್ಡು ನಕ್ಕಿತು. ಆ ನಗೆ ಆರುವ ಮೊದಲೇ, ಅಲ್ಲಿ ನಡೆದ ಮಾತನ್ನು ಬರೆದು, ಕೇಳಿದ ಮಾಲೀಕರಿಂದ ಆ ಹೇಳಿಕೆಗೆ ಸಹಿ ಹಾಕಿಸಿಕೊಂಡೆ. ಅವ್ವನ ಹೆಬ್ಬೆಟ್ಟೂ ಅದರ ಕೆಳಗೆ ಬಿತ್ತು. ಅದನ್ನು ನಮ್ಮ ತಕರಾರಿನೊಡನೆ ಕಲಕತ್ತೆಗೆ ಕಳಿಸಿದೆವು. ಏಜೆಂಟನ ಅರ್ಜಿ ಬಿದ್ದುಹೋಯಿತು. ಪೇಟೆಂಟ್ ಅಣ್ಣನ ಹೆಸರಿಗೆ ಬಂತು. ನಾನು ಹೀಯಾಳಿಸಿದ ಪೂಜೆಯೇ ನಮ್ಮನ್ನು ಕೆಡಿಸಿಯೂ ಇತ್ತು, ಉಳಿಸಿಯೂ ಇತ್ತು. ಆ ವಿಷಯದಲ್ಲಿ ಅವ್ವನೆದುರು ನಾನು ಮತ್ತೆ ವಾದಿಸಲಿಲ್ಲ.

ಕೆಲವು ತಿಂಗಳ ಮೇಲೆ ಏಜೆಂಟ ಮನೆಗೆ ಬಂದು, ಆ ಬೊಟ್ಟಿನ ಮಾತನ್ನು ಇನ್ನು ಯಾರಿಗೂ ಹೇಳಬಾರದೆಂದು ಬೇಡಿಕೊಂಡ. ಅಣ್ಣ ಅವನಿಗೆ ಚಹಾ ಕೊಟ್ಟ. ನಾನು ಕೊಟ್ಟ ಉತ್ತರ ಇಷ್ಟೇ: "ಹೋದಲ್ಲೆಲ್ಲ ಹೇಳತೇನ್ರಿ." ದುಡಿದವನ ಬುದ್ಧಿಯ ಫಲ ದುಡಿದವನದೇ ಆಗಬೇಕೆಂದು ನಂಬಿದವನಿಗೆ ಬೇರೆ ಉತ್ತರವಿರಲಿಲ್ಲ.

ಅಷ್ಟರಲ್ಲಿ ಅವನು ಬೊಟ್ಟಿಟ್ಟ ಯಂತ್ರಗಳನ್ನು ಕೆಲವರಿಗೆ ಮಾರಿಯಾಗಿತ್ತು. ನಿಮ್ಮ ಶೆಡ್ಡಿನಲ್ಲಿ ಅಂಥದೊಂದಿದ್ದರೆ, ದಯವಿಟ್ಟು ಆ ಬೊಟ್ಟನ್ನು ಅಳಿಸಬೇಡಿ. ನೋಡಲು ಬಂದವರಿಗೆಲ್ಲ, ಅದು ಅಲ್ಲಿಗೆ ಹೇಗೆ ಬಂತೆಂದು ಹೇಳಿ.